ಕಾಫಿ ಡಬ್ಬದ ತೋಟಾ

"ಸಭಿಕರೇ," ಎಂದು ಆರ್ವಿಲ್ ಝಾಸ್ಟ್ರೊ ಕುರ್ಚಿಯ ಮೇಲೆ ಹತ್ತಿ ನಿಂತು, ಬಾಣಲೆಯ ಬೆನ್ನಿಗೆ ಸೌಟಿನಿಂದ ಬಡಿದು ಘೋಷಿಸಿದ. "ಈ ಬೇಟೆಮನೆ ಚರಿತ್ರೇಲೇ ಇವತ್ತು ದೊಡ್ಡ ದಿನ. ಎಲ್ಲರೂ ಟೋಪಿ ತೆಗೀರಿ."

ಸಭಿಕರು ಒಟ್ಟು ಮೂರು ಜನ. ತಮ್ಮ ಕ್ಲೆಟಸ್ ಟೋಪಿ ತೆಗೆದ, ಬ್ರಾಂದಿ ಗ್ಲಾಸು ಕೆಳಗಿಡಲಿಲ್ಲ. ಮಗ ಡಾರಿಲ್ ಟೋಪಿ ತೆಗೆದ, ಬಾಯಲ್ಲಿದ್ದ ಸಾಸೇಜು ತೆಗೆಯಲಿಲ್ಲ. ಅಳಿಯ ವೆಂಡೆಲ್‌ಗೆ ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ; ಎಡಗೈಯಲ್ಲಿ ತೆಗೆದ.

"ಇವತ್ತಿಂದ ಈ ಮನೇಲಿ ಒಂದೇ ತೋಟಾ. ಥರ್ಟಿ ಆಟ್ ಸಿಕ್ಸ್. ನಮ್ಮಪ್ಪ ಹೊಡೆದದ್ದು ಅದೇ, ನಾನು ಹೊಡೆಯೋದೂ ಅದೇ. ಬೇರೆ ತೋಟಾದಿಂದ ಬಿದ್ದ ಜಿಂಕೆ ಈ ಮನೆ ಲೆಕ್ಕಕ್ಕೆ ಜಿಂಕೇನೇ ಅಲ್ಲ. ಅದರ ಕೊಂಬು ಗೋಡೆಗೆ ಏರೋ ಹಾಗಿಲ್ಲ, ಕಕ್ಕಸಿನ ಬಾಗಿಲಿಗೆ ಹೋಗುತ್ತೆ. ಹೊಡೆದವನ ಅಂಗಿ ಬಾಲ ಕತ್ತರಿಸೋದು, ಅವನು ಕೂರೋ ಮರದ ಅಟ್ಟಣೆ ಕಿತ್ತುಕೊಳ್ಳೋದು. ಒಪ್ಪಿಗೆ ಇರೋರು ಕೈ ಎತ್ತಿ."

ಡಾರಿಲ್ ಕೈ ಎತ್ತಿದ. ಕ್ಲೆಟಸ್ ಗ್ಲಾಸು ಎತ್ತಿದ. ಅದನ್ನೂ ಕೈ ಎಂದೇ ಎಣಿಸಲಾಯಿತು.

"ವೆಂಡೆಲ್ ಕೈ ಎತ್ತಲಿಲ್ಲ," ಎಂದ ಡಾರಿಲ್.

"ಅವನದು ಏಳಲ್ಲ ಬಿಡು," ಎಂದ ಆರ್ವಿಲ್, ಕುರ್ಚಿಯಿಂದ ಇಳಿಯುತ್ತಾ.

ವಿಸ್ಕಾನ್ಸಿನ್‌ನ ಈ ಉತ್ತರದ ಕಾಡಿನಲ್ಲಿ ಗಂಡಸಿನ ಚರ್ಚು ಯಾವುದು, ಪಕ್ಷ ಯಾವುದು ಎಂದು ಕೇಳುವುದು ಅಸಭ್ಯತೆ. ತೋಟಾ ಯಾವುದು ಎಂದು ಕೇಳದಿರುವುದು ಅದಕ್ಕಿಂತ ಅಸಭ್ಯತೆ. ಬೇರೆ ಕಡೆ ಅಣ್ಣತಮ್ಮಂದಿರು ತೋಟಕ್ಕಾಗಿ ಮಾತು ಬಿಟ್ಟರೆ ಇಲ್ಲಿಯವರು ತೋಟಾಕ್ಕಾಗಿ ಬಿಡುತ್ತಾರೆ. ದಪ್ಪ ತೋಟಾದವನು ಸಣ್ಣ ತೋಟಾದವನನ್ನು ಹೆಂಗಸು ಅನ್ನುತ್ತಾನೆ. ಸಣ್ಣ ತೋಟಾದವನು ದಪ್ಪ ತೋಟಾದವನನ್ನು ಕಿವುಡ ಅನ್ನುತ್ತಾನೆ, ಮತ್ತು ಅದು ಸಾಮಾನ್ಯವಾಗಿ ನಿಜವೇ ಆಗಿರುವುದರಿಂದ ಅವನಿಗೆ ಕೇಳಿಸುವುದಿಲ್ಲ. ಜಿಂಕೆಗಳ ಅಭಿಪ್ರಾಯವನ್ನು ಈ ವಿಷಯದಲ್ಲಿ ಯಾರೂ ಪಡೆದಿಲ್ಲ.

ವೆಂಡೆಲ್ ಆ ಸಲ ತಂದಿದ್ದದ್ದು ಟೂ ಫಾರ್ಟಿ ತ್ರೀ. ಕಿರುಬೆರಳಿಗಿಂತ ತೆಳ್ಳಗಿನ ಗುಂಡು, ಮೆತ್ತಗಿನ ಒದೆತ. ಕೋವಿ ಅವನದಲ್ಲ, ಅವನ ಹೆಂಡತಿ ಲೊರ್ನಾಳದು. ಆರ್ವಿಲ್‌ನ ಮಗಳು ಲೊರ್ನಾ ಕಳೆದ ಚಳಿಗಾಲ ಸತ್ತಳು. ಮಂಜುಗಡ್ಡೆ ಕಟ್ಟಿದ ರಸ್ತೆಯಲ್ಲಿ ಪಿಕಪ್ಪು ಜಾರಿ ಮರಕ್ಕೆ ಬಡಿಯಿತು. ಸ್ಟೀರಿಂಗ್ ಹಿಡಿದಿದ್ದವನು ವೆಂಡೆಲ್. ಅವನ ಬಲಭುಜದ ಮೂಳೆಗೆ ಈಗ ಲೋಹದ ಪಟ್ಟಿ, ಅದಕ್ಕೊಂದಿಷ್ಟು ತಿರುಪು. ಡಾಕ್ಟರು ಕೋವಿಯನ್ನೇ ಮುಟ್ಟಬೇಡ ಎಂದಿದ್ದರು. ಮುಟ್ಟಲೇಬೇಕಾದರೆ ಸಣ್ಣದು ಎಂದರು, ಅವರೂ ಇದೇ ಊರಿನವರಾದ್ದರಿಂದ.

ಅವನಿಗೆ ಬೇಕಾಗಿದ್ದದ್ದು ಇಷ್ಟೇ: ಬೀವರ್ ಪ್ರಾಣಿಗಳು ಒಡ್ಡು ಕಟ್ಟಿ ಮಾಡಿದ ಕೆರೆಯ ದಡದ ಮೇಲಿರುವ ಲೊರ್ನಾಳ ಅಟ್ಟಣೆಯಲ್ಲಿ ಈ ಒಂದು ಋತು ಅವಳ ಕೋವಿ ಹಿಡಿದು ಕೂರುವುದು. ಜಿಂಕೆ ಬಂದರೆ ಬರಲಿ, ಬಾರದಿದ್ದರೆ ಇನ್ನೂ ಒಳ್ಳೆಯದು. ಮುಂದಿನ ವರ್ಷ ಯಾರು ಬೇಕಾದರೂ ಕೂತುಕೊಳ್ಳಲಿ. ಇದನ್ನು ಅವನು ಬೇಸಿಗೆಯಲ್ಲೇ ಮಾವನಿಗೆ ಹೇಳಿಯೂ ಇದ್ದ. ಆರ್ವಿಲ್ "ನೋಡೋಣ" ಎಂದಿದ್ದ. ಅವನು ನೋಡಿದ್ದು ಬೇರೆ. ಕೆರೆಯ ಪಕ್ಕದ ಮರಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ಬಿಷಪ್ಪು ಬಂದು ನಿಂತಿತ್ತು.

ಬಿಷಪ್ಪು ಅಂದರೆ ಒಂದು ಗಂಡು ಜಿಂಕೆ. ಕೊಂಬು ಬಿಷಪ್ಪರ ಟೋಪಿಯ ಹಾಗೆ ಎರಡೂ ಕಡೆಯಿಂದ ಎದ್ದು ಮೇಲೆ ಕೂಡುತ್ತಿದ್ದವು. ನಾಲ್ಕು ಜಿಲ್ಲೆಯ ಬೇಟೆಗಾರರು ಅದರ ಹೆಸರಲ್ಲಿ ಸುಳ್ಳು ಹೇಳುತ್ತಿದ್ದರು. ಬೇಟೆಮನೆಯ ಒಲೆಯ ಮೇಲಿನ ಗೋಡೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೊಂಬು ಕ್ಲೆಟಸ್‌ನದು. ಅದನ್ನು ದಿನಾ ಕತ್ತೆತ್ತಿ ನೋಡುತ್ತಾ ಆರ್ವಿಲ್‌ಗೆ ಕುತ್ತಿಗೆ ನೋವು ಶುರುವಾಗಿತ್ತು. ಬಿಷಪ್ಪಿಗಾಗಿ ಅವನು ಆಗಲೇ ಕೊಂಬು ಕೂರಿಸುವ ವಾಲ್ನಟ್ ಹಲಗೆ ಮಾಡಿಸಿ, ಹಿತ್ತಾಳೆ ತಗಡಿನ ಮೇಲೆ ತನ್ನ ಹೆಸರು ಕೆತ್ತಿಸಿ, ತಮ್ಮನ ಕೊಂಬಿಗಿಂತ ಒಂದು ಗೇಣು ಮೇಲೆ ಮೊಳೆ ಹೊಡೆದಿಟ್ಟಿದ್ದ. ಇನ್ನು ಉಳಿದಿದ್ದ ಕೆಲಸ ಎರಡು. ಅಟ್ಟಣೆಯಿಂದ ಅಳಿಯನನ್ನು ಇಳಿಸುವುದು, ಮತ್ತು ಜಿಂಕೆಯನ್ನು ಕೊಲ್ಲುವುದು. ಮೊದಲನೆಯದು ಸುಲಭ ಎಂದು ಅದರಿಂದ ಶುರು ಮಾಡಿದ್ದ.

"ಟೂ ಫಾರ್ಟಿ ತ್ರೀ ಏನು ಕಮ್ಮಿ?" ಎಂದ ವೆಂಡೆಲ್. "ಆ ಗೋಡೆ ಮೇಲಿರೋದರಲ್ಲಿ ಅರ್ಧ ಕೊಂಬು ಲೊರ್ನಾಳವು. ಎಲ್ಲಾ ಇದೇ ಕೋವಿಯಿಂದ. ಈ ಕೋವಿ ಅವಳಿಗೆ ತಂದುಕೊಟ್ಟಿದ್ದೇ ನೀವು."

"ಹೆಣ್ಣು ಮಗು ಅಂತ ಕೊಟ್ಟೆ. ನಿನಗೆ ಹೇರ್‌ಬ್ಯಾಂಡೂ ಕೊಡಲೇನು?"

ಡಾರಿಲ್ ಸಾಸೇಜು ನೆತ್ತಿಗೆ ಹತ್ತುವಷ್ಟು ನಕ್ಕ.

"ಭುಜ ತಡೆಯಲ್ಲ, ಆರ್ವಿಲ್. ನಿಮಗೆ ಗೊತ್ತಿದೆ."

"ನನಗೇನೂ ಗೊತ್ತಿಲ್ಲಪ್ಪ. ನಾನು ನ್ಯಾಯವಂತ. ಹೊರಗೆ ಬಾ. ನೂರು ಗಜ, ಕಾಗದದ ತಟ್ಟೆ, ಥರ್ಟಿ ಆಟ್ ಸಿಕ್ಸ್‌ನಲ್ಲಿ ಮೂರು ಈಡು. ಮೂರೂ ತಟ್ಟೆಗೆ ಬಿದ್ರೆ ಕೆರೆ ಅಟ್ಟಣೆ ನಿಂದು, ನಾನು ಬಾಯಿ ಮುಚ್ಕೊಂಡು ಗುಡ್ಡದ ಮೇಲೆ ಕೂತ್ಕೋತೀನಿ. ತಪ್ಪಿದ್ರೆ ನೀನು ಅಡುಗೆಮನೆ."

ಅದಕ್ಕೂ ಮುನ್ನ ಹೊಸ ಕಾಯಿದೆಯ ಇನ್ನೊಂದು ಕಲಾಪ ಬಾಕಿ ಇತ್ತು. ಒಂದೇ ತೋಟಾ ಅಂದಮೇಲೆ ಒಂದೇ ಡಬ್ಬ. ಯಾರಿಗೂ ಕಮ್ಮಿ ಬೀಳಬಾರದು, ಯಾರೂ ಬಚ್ಚಿಡಬಾರದು. ಆರ್ವಿಲ್ ದೊಡ್ಡದೊಂದು ಕಾಫಿ ಡಬ್ಬವನ್ನು ಮೇಜಿನ ನಡುವೆ ಇಟ್ಟು ತನ್ನ ಪೆಟ್ಟಿಗೆಯನ್ನು ಅದರೊಳಗೆ ಸುರಿದ. ಕ್ಲೆಟಸ್ ಸುರಿದ. ಡಾರಿಲ್ ಈವರೆಗೆ ಟೂ ಸೆವೆಂಟಿ ತೋಟಾದವನು. ಅಪ್ಪನ ಕಾಯಿದೆಗೆ ತಲೆಬಾಗಿ ತನ್ನ ಕೋವಿಯನ್ನು ಮನೆಯಲ್ಲೇ ಬಿಟ್ಟು ಚಿಕ್ಕಪ್ಪನ ಹಳೆಯದೊಂದನ್ನು ಎರವಲು ತಂದಿದ್ದ. ಅಂಗಡಿಯಿಂದ ಬರುವಾಗ ಹೊಸ ತೋಟಾಗಳನ್ನು ಬೇಟೆ ಜಾಕೆಟ್ಟಿನ ಜೇಬಿಗೆ ತುಂಬಿಕೊಂಡಿದ್ದ. ಈಗ ಎರಡೂ ಜೇಬುಗಳನ್ನು ಒಳಹೊರಗು ಮಾಡಿ ಡಬ್ಬದ ಮೇಲೆ ಕೊಡವಿದ. ತೋಟಾಗಳ ಜೊತೆ ಕಡಲೆಕಾಯಿ ಸಿಪ್ಪೆ, ಹೋದ ವರ್ಷದ ಚೂಯಿಂಗ್ ಗಮ್ಮು, ಎಲ್ಲವೂ ಬಿದ್ದವು.

"ಗಮ್ಮು ಮಾತ್ರ ತೆಗಿಯೋ," ಎಂದ ಆರ್ವಿಲ್. "ಅದರಲ್ಲಿ ಜಿಂಕೆ ಸಾಯಲ್ಲ."

ಹೊರಗೆ ನೆಲ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ದೂರದ ಬೊಡ್ಡೆಗೆ ಡಾರಿಲ್ ಕಾಗದದ ತಟ್ಟೆ ಸಿಕ್ಕಿಸಿ ಬಂದ. ವೆಂಡೆಲ್ ಮೈಮೇಲಿದ್ದದ್ದು ಕೆಂಪು ಕಪ್ಪು ಚೌಕಳಿಯ ಉಣ್ಣೆ ಅಂಗಿ. ಅದೂ ಲೊರ್ನಾಳದೇ, ದೊಗಳೆ ಅಂಗಿಯೇ ಬೇಟೆಗೆ ಲಾಯಕ್ಕು ಎಂದು ಅವಳು ಗಂಡಸರ ಅಳತೆಯದೇ ಕೊಳ್ಳುತ್ತಿದ್ದಳು. ಆರ್ವಿಲ್ ತನ್ನ ಕೋವಿಗೆ ತೋಟಾ ಹಾಕಿ ಅವನ ಕೈಗಿತ್ತ.

ಮೊದಲ ಈಡು ತಟ್ಟೆಯ ಅಂಚಿಗೆ ಬಿತ್ತು. ಕೋವಿ ಒದ್ದ ರಭಸಕ್ಕೆ ವೆಂಡೆಲ್ ಒಂದು ಹೆಜ್ಜೆ ಹಿಂದೆ ಹೋಗಿ, ಬಾಯಿ ತೆರೆದು, ಶಬ್ದ ಬಾರದೆ ನಿಂತ.

"ಬಿತ್ತು!" ಎಂದು ಕೂಗಿದ ಕ್ಲೆಟಸ್. "ತಟ್ಟೆಗೂ ಬಿತ್ತು, ಅಳಿಯನಿಗೂ ಬಿತ್ತು!"

ಎರಡನೆಯದು ನಡುಮಧ್ಯಕ್ಕೆ ಬಿತ್ತು. ಅದನ್ನು ನೋಡಿ ಆರ್ವಿಲ್‌ನ ಮುಖ ಸ್ವಲ್ಪ ಬಿಳುಪೇರಿತು. ವೆಂಡೆಲ್ ಕೋವಿಯ ಹಿಡಿಯನ್ನು ಭುಜದಿಂದ ತೆಗೆಯಲಾರದೆ ಕೆನ್ನೆಯನ್ನು ಅದಕ್ಕೇ ಆನಿಸಿ ನಿಂತಿದ್ದ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದು ಅಳುವಲ್ಲ, ಮೈ ತಾನಾಗಿ ಸುರಿಸುವ ನೀರು.

ಆರ್ವಿಲ್ ಅವನ ಬೆನ್ನ ಹಿಂದೆ ಬಂದು ನಿಂತ. "ಇನ್ನೊಂದು," ಎಂದ ಮೆಲ್ಲಗೆ. "ನಿಧಾನ. ಆ ರಸ್ತೆ ತಿರುವಲ್ಲೂ ನೀನು ಇಷ್ಟು ನಿಧಾನ ಮಾಡಿದ್ರೆ ಸಾಕಿತ್ತು."

ಮೂರನೆಯ ಗುಂಡು ಬೊಡ್ಡೆಗೂ ತಾಕಲಿಲ್ಲ. ಎಲ್ಲೋ ಹುಲ್ಲಿನಲ್ಲಿ ಮಂಜಿನ ಪುಡಿ ಹಾರಿತು.

ಗುರಿ ತಪ್ಪಿದವನ ಅಂಗಿಯ ಬಾಲ ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುವುದು ಈ ಕಡೆಯ ಎಲ್ಲ ಬೇಟೆಮನೆಗಳ ಪದ್ಧತಿ. ಝಾಸ್ಟ್ರೊಗಳ ಗೋಡೆಯಲ್ಲಿ ಬಾಗಿಲ ಪಕ್ಕ ಅಂಥ ಚಿಂದಿಗಳು ಸಾಲಾಗಿದ್ದವು. ಒಂದು ಹಳದಿ ಚೂರಿತ್ತು, ಅಂಗೈಯಷ್ಟು ಅಗಲದ್ದು. ಲೊರ್ನಾ ಸ್ಕೂಲು ಹುಡುಗಿಯಾಗಿದ್ದಾಗ ಮೊದಲ ಜಿಂಕೆಯನ್ನು ತಪ್ಪಿಸಿದ ದಿನದ್ದು. ಅವತ್ತು ಅವಳು ಬೇಡ ಬೇಡ ಎಂದು ಅತ್ತಿದ್ದಳು. ಆದರೂ ಆರ್ವಿಲ್ ಕತ್ತರಿಸಿದ್ದ. ಆ ಕತೆಯನ್ನು ಅವನು ಪ್ರತಿ ವರ್ಷ ಹೇಳುತ್ತಿದ್ದ: ಕಾನೂನು ಅಂದರೆ ಹೀಗಿರಬೇಕು, ಸ್ವಂತ ಮಗಳನ್ನೂ ಬಿಡಲಿಲ್ಲ ನಾನು.

"ಇದು ಅವಳ ಅಂಗಿ," ಎಂದ ವೆಂಡೆಲ್. "ಬೇರೆದು ಹಾಕ್ಕೊಂಡು ಬರ್ತೀನಿ. ಅದನ್ನ ಕತ್ತರಿಸಿ."

"ತಪ್ಪಿದ್ದು ಈ ಅಂಗಿಯಲ್ಲಿ."

ಡಾರಿಲ್ ಅವನ ಎಡಗೈ ಹಿಡಿದ. ಬಲಗೈ ಹಿಡಿಯುವ ಅಗತ್ಯವೇ ಬೀಳಲಿಲ್ಲ. ಅಡುಗೆಮನೆಯ ಕತ್ತರಿ ಮೊಂಡಾಗಿತ್ತು, ಉಣ್ಣೆ ದಪ್ಪವಿತ್ತು. ಹಾಗಾಗಿ ಕತ್ತರಿಸಿದ್ದಕ್ಕಿಂತ ಜಗಿದದ್ದೇ ಹೆಚ್ಚು. ಆರ್ವಿಲ್ ಮೊಳೆ ಹುಡುಕಿದ, ಸಿಗಲಿಲ್ಲ. ಹಳದಿ ಚೂರಿನ ಮೊಳೆಯನ್ನೇ ಕಿತ್ತು, ಹೊಸ ತುಂಡನ್ನು ಅದರ ಮೇಲಿಟ್ಟು, ಮತ್ತೆ ಬಡಿದ.

"ಗಂಡ ಹೆಂಡತಿ ಜೋಡಿ," ಎಂದ.

ಕ್ಲೆಟಸ್ ಕೂಡ ಅದಕ್ಕೆ ನಗಲಿಲ್ಲ. ಗ್ಲಾಸಿಗೆ ಇನ್ನಷ್ಟು ಬ್ರಾಂದಿ ಹಾಕಿಕೊಂಡ.

ಮರುದಿನ ಬೆಳಗಿನ ಮಬ್ಬಿನಲ್ಲಿ ಮೂವರು, ಒಬ್ಬರನ್ನೊಬ್ಬರು ಜಿಂಕೆ ಅಂದುಕೊಳ್ಳದಂತೆ, ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು ಹೊರಟರು. ಡಬ್ಬಕ್ಕೆ ಕೈ ಹಾಕಿ ಒಬ್ಬೊಬ್ಬರೂ ಒಂದೊಂದು ಹಿಡಿ ತೋಟಾ ಬಾಚಿಕೊಂಡರು. ಆರ್ವಿಲ್‌ಗೆ ಹತ್ತಿರದ್ದು ಕಾಣಲು ಕನ್ನಡಕ ಬೇಕು. ಆದರೆ ಬೇಟೆಮನೆಯಲ್ಲಿ ಅವನು ಅದನ್ನು ಹಾಕುವುದಿಲ್ಲ, ಏಕೆಂದರೆ ಕ್ಲೆಟಸ್ ಹಾಕುವುದಿಲ್ಲ.

"ಆಲೂಗೆಡ್ಡೆ ಹೆಚ್ಚಿಡು ಅಳಿಯ," ಎಂದ ಬಾಗಿಲಲ್ಲಿ. "ಈರುಳ್ಳಿ ಜಾಸ್ತಿ ಹಾಕು. ಬಿಷಪ್ಪಿನ ಲಿವರು ತರ್ತೀನಿ."

ವೆಂಡೆಲ್ ಎಡಗೈಯಲ್ಲಿ ಆಲೂಗೆಡ್ಡೆ ಹೆಚ್ಚುತ್ತಾ ಕಿಟಕಿಯ ಮುಂದೆ ನಿಂತಿದ್ದಾಗ ಕೆರೆಯ ಕಡೆಯಿಂದ ಈಡು ಕೇಳಿಸಿತು. ಸದ್ದು ಯಾಕೋ ಪೆದ್ದಾಗಿತ್ತು. ಥರ್ಟಿ ಆಟ್ ಸಿಕ್ಸ್ ಕಪಾಳಕ್ಕೆ ಹೊಡೆದ ಹಾಗೆ ಕೇಳಿಸುತ್ತದೆ. ಇದು ದಿಂಬಿಗೆ ಗುದ್ದಿದ ಹಾಗಿತ್ತು. ಹಿಂದೆಯೇ ಇನ್ನೊಂದು ಈಡು, ಇದು ಕಪಾಳದ್ದೇ. ಆಮೇಲೆ ಆರ್ವಿಲ್‌ನ ಬೈಗುಳ, ದೂರದಿಂದ, ಸ್ಪಷ್ಟವಾಗಿ.

ಆಲೂಗೆಡ್ಡೆ ಬೇಯುವ ಹೊತ್ತಿಗೆ ಬಿಷಪ್ಪು ಬೇಟೆಮನೆಯ ಹಿತ್ತಲಿಗೇ ಬಂತು. ಬಂತು ಅನ್ನುವುದು ಮರ್ಯಾದೆಯ ಮಾತು. ಮುಂಗಾಲೊಂದು ಭುಜದ ಹತ್ತಿರ ಮುರಿದು ಚರ್ಮದಲ್ಲಿ ನೇತಾಡುತ್ತಿತ್ತು. ಪಕ್ಕೆಯ ಕೆಳಗೆ ಹರಿದು ಕರುಳು ಇಣುಕಿ, ಒಣಎಲೆಗಳು ಅದಕ್ಕೆ ಅಂಟಿಕೊಂಡಿದ್ದವು. ಕಕ್ಕಸಿನ ಗೋಡೆಯ ಬಳಿ ಅದು ಮೊಣಕಾಲೂರಿತು, ಎದ್ದಿತು, ಮತ್ತೆ ಊರಿತು. ಕೊಂಬಿನ ಭಾರಕ್ಕೆ ತಲೆ ನಿಲ್ಲುತ್ತಿರಲಿಲ್ಲ. ಕಿಟಕಿಯ ಒಳಗಿದ್ದವನನ್ನು ನೋಡಿತು.

ವೆಂಡೆಲ್ ಕಿತ್ತಳೆ ಜಾಕೆಟ್ಟು ಹಾಕಿಕೊಂಡ. ಬಾಗಿಲ ಹಿಂದಿನ ಗೂಟದಿಂದ ಲೊರ್ನಾಳ ಕೋವಿ ತೆಗೆದ. ಭುಜ ನಿನ್ನೆಯದರಿಂದ ಊದಿ ಕಪ್ಪಗಾಗಿತ್ತು. ಎಡಭುಜಕ್ಕೆ ಹಿಡಿದು, ಹತ್ತಿರ ಹೋಗಿ, ಕಿವಿಯ ಕೆಳಗೆ ಒಂದೇ ಗುಂಡು ಹೊಡೆದ. ಬಿಷಪ್ಪು ಹೊರಳಿತು. ಅವನು ಒಳಗೆ ಬಂದು ಆಲೂಗೆಡ್ಡೆಯ ನೀರು ಬಸಿದ.

ರಕ್ತದ ಜಾಡು ಹಿಡಿದು ಮೂವರೂ ಬಂದಾಗ ಆರ್ವಿಲ್ ಜಿಂಕೆಯನ್ನು ನೋಡುವ ಮೊದಲು, ಹಿತ್ತಲ ಬಾಗಿಲಿಗೆ ಬಂದ ಅಳಿಯನ ಕೈಯನ್ನು ನೋಡಿದ. ಕೈಯಲ್ಲಿ ಜಾಲರಿ ಸೌಟು ಮಾತ್ರ ಇತ್ತು.

"ಹೊಡೆದದ್ದು ನಾನು," ಎಂದ ಆರ್ವಿಲ್. "ಮೊದಲ ರಕ್ತ ನಂದು. ಕೊನೆಗೆ ಯಾವನೋ ಬಂದು ಕಿವಿಗೆ ಸೂಜಿ ಚುಚ್ಚಿದ್ರೆ ಅದು ಅವನದಾಗಲ್ಲ."

"ನಿಮ್ಮದೇ," ಎಂದ ವೆಂಡೆಲ್. "ನನಗೆ ಬೇಡ."

"ಡಾರಿಲ್, ಒಳಗೆ ಹೋಗಿ ಹಲಗೆ ತಗೊಂಡು ಬಾ. ಫೋಟೋ ತೆಗೀಬೇಕು."

ಕ್ಲೆಟಸ್ ಆ ಹೊತ್ತಿಗೆ ಜಿಂಕೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಗಾಯದೊಳಗೆ ಬೆರಳಿಟ್ಟು ಅಳೆಯುತ್ತಿದ್ದ. ಅವನ ಮುಖದಲ್ಲಿ ನಿಧಾನವಾಗಿ ಒಂದು ಸಂತೋಷ ಏಳತೊಡಗಿತು. ಬ್ರಾಂದಿಯಿಂದ ಬರುವಂಥದ್ದಲ್ಲ ಅದು.

"ಆರ್ವಿಲ್, ಇದೇನೋ ತೂತು? ಮೈಯಲ್ಲಿರೋದೇ ಇದೊಂದು. ದುಂಡಗಿಲ್ಲ. ಉದ್ದಕ್ಕಿದೆ. ಗುಂಡು ಮಲಗಿಕೊಂಡು ಹೋಗಿದೆ."

"ಮೂಳೆಗೆ ತಾಕಿ ತಿರುಗಿರುತ್ತೆ."

"ಒಳಗೆ ಹೋದ ಕಡೆ ನೋಡ್ತಿರೋದು ನಾನು. ಮೂಳೆಗೆ ತಾಕೋ ಮುಂಚೆನೇ ಮಲಗಿತ್ತು. ಎಲ್ಲಿ, ಖಾಲಿ ತೋಟಾ ಕೊಡು."

ಆರ್ವಿಲ್ ಖಾಲಿ ತೋಟಾಗಳನ್ನು ಎಂದೂ ಕಾಡಲ್ಲಿ ಬಿಡುವವನಲ್ಲ. ಮನೆಗೊಯ್ದು ಮತ್ತೆ ಮದ್ದು ತುಂಬುತ್ತಾನೆ. ಜೇಬಿನಿಂದ ಎರಡನ್ನು ತೆಗೆದು, ದೂರ ಹಿಡಿದು, ಹತ್ತಿರ ಹಿಡಿದು, ಏನೂ ಕಾಣದೆ ತಮ್ಮನ ಕೈಗೆ ಹಾಕಿದ. ಕ್ಲೆಟಸ್ ತಾನೂ ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ನಾಚಿಕೆ ಬಿಟ್ಟು ಒಳಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಅದು ಅಲ್ಲಿ ಎಷ್ಟು ವರ್ಷದಿಂದ ಇತ್ತೋ.

ಹಿತ್ತಾಳೆಯ ಬುಡದ ಸುತ್ತ ಕೊರೆದದ್ದನ್ನು ಅವನು ಪ್ರಾರ್ಥನೆಯ ಹಾಗೆ ಓದಿದ. "ಒಂದು ಥರ್ಟಿ ಆಟ್ ಸಿಕ್ಸ್. ಇನ್ನೊಂದು ಟೂ ಸೆವೆಂಟಿ."

ಹಲಗೆ ಹಿಡಿದು ಬಂದ ಡಾರಿಲ್ ತನ್ನ ಜಾಕೆಟ್ಟಿನ ಜೇಬುಗಳನ್ನು ಮುಟ್ಟಿ ನೋಡಿಕೊಂಡ. ಎರಡು ತೋಟಾಗಳೂ ಒಂದೇ ಅಚ್ಚಿನವು. ಟೂ ಸೆವೆಂಟಿಯ ಬಾಯಿ ಮಾತ್ರ ಕಿರಿದು. ಆರ್ವಿಲ್‌ನದರಂತೆ ಸವೆದ ಹಳೆಯ ಕೋವಿಯಾದರೆ ಅದು ಥರ್ಟಿ ಆಟ್ ಸಿಕ್ಸ್‌ನ ನಳಿಗೆಗೂ ತೆಪ್ಪಗೆ ಹೋಗಿ ಕೂರುತ್ತದೆ. ಆದರೆ ಅಗಲ ನಳಿಗೆಯಲ್ಲಿ ಸಣ್ಣ ಗುಂಡು ಗುರಿಯಿಲ್ಲದೆ ಲೊಡಬಡಿಸಿ, ಹೊರಗೆ ಬಂದು ಲಾಗ ಹಾಕುತ್ತದೆ. ಎರಡನ್ನೂ ಒಂದೇ ಡಬ್ಬಕ್ಕೆ ಸುರಿಯಬಾರದು ಎಂದು ಕೋವಿ ಹಿಡಿದ ಮೊದಲ ದಿನವೇ ಮಕ್ಕಳಿಗೆ ಹೇಳಿಕೊಡುತ್ತಾರೆ. ಡಾರಿಲ್‌ಗೆ ಹೇಳಿಕೊಟ್ಟಿದ್ದು ಆರ್ವಿಲ್.

"ಹೋದ ವರ್ಷದ್ದು ಜೇಬಲ್ಲಿ ಉಳಿದಿತ್ತು ಅನ್ಸುತ್ತೆ, ಅಪ್ಪ," ಎಂದ ಡಾರಿಲ್. "ಗಮ್ಮಿನ ಜೊತೆ."

ಆರ್ವಿಲ್ ಮಗನನ್ನು ನೋಡಿದ ನೋಟಕ್ಕೆ ಕೋವಿ ಪರವಾನಗಿ ಬೇಕಾಗಿತ್ತು. ಆಮೇಲೆ ಗಂಟಲು ಸರಿಮಾಡಿಕೊಂಡ. "ಟೂ ಸೆವೆಂಟಿ ಅಂದ್ರೆ ಬೇರೆ ಯಾರದೋ ಅಲ್ಲ. ಥರ್ಟಿ ಆಟ್ ಸಿಕ್ಸ್‌ನ ಮಗಳೇ ಅದು. ಒಂದೇ ಮನೆ. ಮನೆ ಮಗಳನ್ನ ಹೊರಗಿನವಳು ಅನ್ನೋಕಾಗುತ್ತಾ?"

ವೆಂಡೆಲ್ ಜಾಲರಿ ಸೌಟನ್ನು ಇನ್ನೊಂದು ಕೈಗೆ ಬದಲಾಯಿಸಿದ.

"ಕಾಯಿದೆ ನಿನ್ನದೇ ಅಣ್ಣ," ಎಂದ ಕ್ಲೆಟಸ್. ಅವನು ಎದ್ದು ನಿಂತು, ಕನ್ನಡಕದ ಮೇಲಿಂದ, ನಿನ್ನೆಯ ಕುರ್ಚಿಯ ದನಿಯಲ್ಲೇ ಹೇಳತೊಡಗಿದ. "ಬೇರೆ ತೋಟಾದಿಂದ ಬಿದ್ದ ಜಿಂಕೆ ಜಿಂಕೇನೇ ಅಲ್ಲ. ಕೆಡವಿದ್ದು ಟೂ ಸೆವೆಂಟಿ, ಮುಗಿಸಿದ್ದು ಟೂ ಫಾರ್ಟಿ ತ್ರೀ. ನಿನ್ನ ಥರ್ಟಿ ಆಟ್ ಸಿಕ್ಸ್ ಹೋಗಿದ್ದು ಬೀವರ್ ಕೆರೆಗೆ. ಹಂಗಾಗಿ ಇಲ್ಲಿ ಬಿದ್ದಿರೋದು ಯಾರ ಜಿಂಕೇನೂ ಅಲ್ಲ. ಬೇಟೆ ಪರವಾನಗಿ ಟ್ಯಾಗು ಯಾರದಾದ್ರೂ ಕಟ್ಟಿ, ಮಾಂಸ ಹಂಚ್ಕೊಳ್ಳೋಣ. ಕೊಂಬು ಕಕ್ಕಸಿನ ಬಾಗಿಲಿಗೆ. ಒರೆಸೋ ಕಾಗದದ ಸುರುಳಿ ಸಿಕ್ಕಿಸೋಕೆ ಒಳ್ಳೇ ಅಗಲ ಇದೆ."

"ಇನ್ನೊಂದು ಸಲ ಕೈ ಎತ್ತಿಸೋಣ," ಎಂದ ಆರ್ವಿಲ್.

"ಎತ್ತಿಸು. ನಾನು ಎತ್ತಲ್ಲ. ವೆಂಡೆಲ್‌ದು ಏಳಲ್ಲ ಅಂತ ನೀನೇ ಹೇಳಿದೀಯ."

ಆರ್ವಿಲ್ ಬಿಷಪ್ಪಿನ ಕೊಂಬನ್ನು ಒಂದು ಕೈಯಲ್ಲಿ ಹಿಡಿದು ತಲೆಯನ್ನು ಮೇಲಕ್ಕೆತ್ತಿದ. ತುದಿ ಅವನ ಎದೆಯ ಮಟ್ಟಕ್ಕೆ ಬರುತ್ತಿತ್ತು. ಆಮೇಲೆ ಬಿಟ್ಟ, ತಲೆ ನೆಲಕ್ಕೆ ಬಡಿಯಿತು. ಅವನು ಒಳಗೆ ನಡೆದ, ಎಲ್ಲರೂ ಹಿಂದೆ ಹೋದರು. ಬಾಗಿಲ ಪಕ್ಕದ ಗೋಡೆಗೆ ಮುಖ ಮಾಡಿ ನಿಂತು, ಜಾಕೆಟ್ಟು ಕಳಚಿ, ಪ್ಯಾಂಟಿನೊಳಗಿಂದ ಅಂಗಿಯ ಹಿಂಭಾಗವನ್ನು ಎಳೆದು ಹೊರಗೆ ಬಿಟ್ಟ.

"ಮಗಳನ್ನೂ ಬಿಡಲಿಲ್ಲ ನಾನು," ಎಂದ ಗೋಡೆಗೆ. "ಕತ್ತರಿಸಿ."

ಕ್ಲೆಟಸ್ ನಗುತ್ತಾ ಕತ್ತರಿ ಎತ್ತಿಕೊಂಡ. ಅಣ್ಣನ ಬೆನ್ನಿನ ಹತ್ತಿರ ಹೋಗುವಷ್ಟರಲ್ಲಿ ನಗು ಮುಗಿಯಿತು. ಅಂಗಿಯ ಕೆಳಗೆ ಬೆನ್ನುಮೂಳೆ ಒಂದೊಂದಾಗಿ ಎಣಿಸುವ ಹಾಗಿತ್ತು. ಅವನು ಕತ್ತರಿಯನ್ನು ಡಾರಿಲ್‌ನತ್ತ ಚಾಚಿದ. ಡಾರಿಲ್ ತನ್ನ ಬೂಟು ನೋಡಿದ. ಕೊನೆಗೆ ಕತ್ತರಿ ವೆಂಡೆಲ್‌ನ ಎಡಗೈಗೆ ಬಂತು.

"ಯಾರ ಕೈಯಲ್ಲಿದೆ?" ಎಂದ ಆರ್ವಿಲ್, ತಿರುಗದೆ.

"ನನ್ನ ಕೈಯಲ್ಲಿ," ಎಂದ ವೆಂಡೆಲ್.

ಮುದುಕನ ಹೆಗಲು ಒಂದಿಷ್ಟು ಬಿಗಿಯಾಯಿತು. "ಹೂಂ. ಆಳವಾಗಿ ಕತ್ತರಿಸು."

ವೆಂಡೆಲ್ ಅವನ ಕಿವಿಯ ಪಕ್ಕದಿಂದ ಕೈ ಚಾಚಿ, ಗೋಡೆಯ ಮೊಳೆಯ ತಲೆಯಡಿ ಕತ್ತರಿಯ ತುದಿ ತೂರಿಸಿ ಮೀಟಿದ. ಮೊಳೆ ಹೊರಗೆ ಬಂತು. ಕೆಂಪು ಕಪ್ಪು ತುಂಡು, ಅದರ ಹಿಂದೆ ಅಂಗೈಯಷ್ಟು ಅಗಲದ ಹಳದಿ ಚೂರು, ಎರಡೂ ಒಟ್ಟಿಗೆ ಅವನ ಕೈಗೆ ಬಿದ್ದವು. ಎರಡನ್ನೂ ಮಡಿಸಿ ಜೇಬಿಗಿಟ್ಟುಕೊಂಡ. ಕತ್ತರಿಯನ್ನು ಮೇಜಿನ ಮೇಲೆ, ಕಾಫಿ ಡಬ್ಬದ ಪಕ್ಕ, ಸದ್ದಾಗದಂತೆ ಇಟ್ಟ. ಗೂಟದಿಂದ ಲೊರ್ನಾಳ ಕೋವಿ ತೆಗೆದುಕೊಂಡು ಹೊರಟುಹೋದ.

ಪಿಕಪ್ಪಿನ ಇಂಜಿನ್ನು ಚಳಿಗೆ ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ಹಿತ್ತಲಲ್ಲಿ ಬಿಷಪ್ಪಿನ ತೆರೆದ ಕಣ್ಣಿನ ಮೇಲೆ ಹಿಮದ ಮೊದಲ ಚೂರುಗಳು ಬೀಳುತ್ತಿದ್ದವು, ಕರಗುತ್ತಿರಲಿಲ್ಲ. ಒಳಗೆ ಆರ್ವಿಲ್ ಇನ್ನೂ ಗೋಡೆಗೆ ಮುಖ ಮಾಡಿಯೇ ನಿಂತಿದ್ದ, ಅಂಗಿಯ ಬಾಲ ಹೊರಗೆ ಬಿಟ್ಟುಕೊಂಡು, ಖಾಲಿ ತೂತಿನತ್ತ ನೋಡುತ್ತಾ.

"ಬೇಗ ಮುಗಿಸೋ," ಎಂದ.